ಅಪಾರ್ಟ್‌ಮೆಂಟಿನ ನಿಯಮ ಎಲ್ಲಿ ಸಿಗುತ್ತದೆ? ಕಾವೇರಿ, ರೇರಾ, ಸೊಸೈಟಿ ಆ್ಯಪ್, ಬೈಲಾ ಪ್ಯಾಕೇಜು: ಒಂದು ವಿಮರ್ಶೆ

ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವವರು ಜಾಗದ ಹಳೇ ಪಹಣಿಯವರೆಗೂ ಹೋಗಿ ಟೈಟಲ್ ನೋಡಿಸುತ್ತಾರೆ. ಅದೇ ಜನ ಬಾಲ್ಕನಿ ಮುಚ್ಚಿಸಬಹುದೇ, ನಾಯಿ ಸಾಕಬಹುದೇ, ಕೆಲಸಕ್ಕೆ ಹೋಗುವ ನಾಲ್ಕು ಹುಡುಗರಿಗೆ ಮನೆ ಬಾಡಿಗೆ ಕೊಡಬಹುದೇ, ಎರಡನೇ ಕಾರು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ಗೇಟಿನ ಸೆಕ್ಯೂರಿಟಿಯವರನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಈ ಪ್ರಶ್ನೆಗಳ ಉತ್ತರವೂ ಬಹುಪಾಲು ನೋಂದಣಿಯಾದ ಕಾಗದದಲ್ಲೇ ಇರುತ್ತದೆ. ಅದನ್ನು ಹುಡುಕಿ ಓದಲು ಈಗ ನಾಲ್ಕು ದಾರಿಗಳಿವೆ: ನೋಂದಣಿ ಇಲಾಖೆಯ ಕಾವೇರಿ 2.0, ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ಕರ್ನಾಟಕ ರೇರಾದ ಪೋರ್ಟಲ್, ಮೈಗೇಟ್, ಅಡ್ಡಾ, ನೋಬ್ರೋಕರ್‌ಹುಡ್‌ನಂಥ ಸೊಸೈಟಿ ಆ್ಯಪ್‌ಗಳು, ಮತ್ತು ಹಣ ಕೊಟ್ಟರೆ ಅಸೋಸಿಯೇಷನ್ ನೋಂದಣಿ ಮಾಡಿ ಬೈಲಾ (ಸಂಘದ ಆಡಳಿತದ ನಿಯಮಾವಳಿ) ಬರೆದುಕೊಡುವ ಕನ್ಸಲ್ಟೆಂಟುಗಳ ಪ್ಯಾಕೇಜು.

ಇವನ್ನು ತೂಗುವ ಮೊದಲು ನಿಯಮಗಳ ತೂಕ ಗೊತ್ತಿರಬೇಕು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ರ ಅಡಿ ಬಂದಿರುವ ಕಟ್ಟಡದಲ್ಲಿ ಕಾಯ್ದೆ ಮತ್ತು ಮಂಜೂರಾದ ನಕ್ಷೆಯ ನಂತರ ಮೇಲೆ ಕೂರುವುದು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿಯಾದ ಘೋಷಣಾ ಪತ್ರ, ಅಂದರೆ ಇಡೀ ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸುವ ಪತ್ರ. ಡೀಡ್ ಆಫ್ ಡಿಕ್ಲರೇಷನ್ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಕಮಿಟಿಯವರ ಬಾಯಲ್ಲಿ ಅದು ಬರೀ ಡಿಒಡಿ. ಬೈಲಾ ಅದಕ್ಕೆ ಲಗತ್ತಾಗಿರುತ್ತದೆ. ಅದರ ಕೆಳಗೆ ಸರ್ವಸದಸ್ಯರ ಸಭೆಯ ಠರಾವು, ಆಮೇಲೆ ಕಮಿಟಿಯ ತೀರ್ಮಾನ, ಕಟ್ಟಕಡೆಗೆ ಲಿಫ್ಟಿನೊಳಗೆ ಅಂಟಿಸಿದ ಸುತ್ತೋಲೆ ಮತ್ತು ವಾಟ್ಸ್ಆ್ಯಪ್ ಸಂದೇಶ. ಕೆಳಗಿನದು ಮೇಲಿನದನ್ನು ದಾಟುವಂತಿಲ್ಲ. ಬೈಲಾಗೆ ಮಾಡಿದ ಯಾವ ತಿದ್ದುಪಡಿಯೂ ಘೋಷಣಾ ಪತ್ರದ ತಿದ್ದುಪಡಿಯಾಗಿ ದಾಖಲಾಗದ ಹೊರತು ಊರ್ಜಿತವಲ್ಲ ಎಂದು ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಎಜಿಎಂನಲ್ಲಿ, ಅಂದರೆ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ, ಕೈ ಎತ್ತಿ ಪಾಸು ಮಾಡಿದ ತಿದ್ದುಪಡಿ ಮಿನಿಟ್ಸ್ ಪುಸ್ತಕದಲ್ಲೇ ಮಲಗಿರುವ ಸಂಘಗಳು ಬೇಕಾದಷ್ಟಿವೆ. ಅಂಥ ಕಡೆ 'ನಮ್ಮ ಬೈಲಾದಲ್ಲೇ ಇದೆ' ಎಂದು ಕಮಿಟಿ ಹೇಳಿದರೂ ಕಾನೂನಿನ ಕಣ್ಣಿಗೆ ಅದು ಬೈಲಾದಲ್ಲಿ ಇಲ್ಲ.

ಆದ್ದರಿಂದ ನಾಲ್ಕೂ ಸೇವೆಗಳಿಗೆ ಇಲ್ಲಿ ಕೇಳುವ ಪ್ರಶ್ನೆ ಒಂದೇ: ಎದುರಿಗಿರುವ ನಿಯಮ ಈ ಮೆಟ್ಟಿಲುಗಳಲ್ಲಿ ಎಷ್ಟನೆಯದರ ಮೇಲೆ ನಿಂತಿದೆ ಎಂದು ಇದು ತೋರಿಸುತ್ತದೆಯೇ?

ಕಾವೇರಿ 2.0: ಕಡಿಮೆ ಖರ್ಚು, ಹೆಚ್ಚು ತೂಕ

ಮೊಬೈಲ್ ನಂಬರಿಗೆ ಬರುವ ಒಟಿಪಿಯಿಂದ ಖಾತೆ ತೆರೆದರೆ ಇಲ್ಲಿ ನಮಗೆ ಬೇಕಾದ ಎರಡು ಸೇವೆಗಳು ಸಿಗುತ್ತವೆ. ಒಂದು ಋಣಭಾರ ಪತ್ರ, ಅಂದರೆ ಇಸಿ: ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. ಇನ್ನೊಂದು ದೃಢೀಕೃತ ನಕಲು, ಅಂದರೆ ಸಿಸಿ. ಎರಡೂ ಬೇಕು, ಅದೂ ಇದೇ ಕ್ರಮದಲ್ಲಿ: ಇಸಿಯಿಂದ ದಸ್ತಾವೇಜಿನ ನಂಬರು ಸಿಗುತ್ತದೆ, ಆ ನಂಬರು ಕೊಟ್ಟರೆ ಸಿಸಿಯಾಗಿ ಇಡೀ ದಸ್ತಾವೇಜು ಕೈಗೆ ಬರುತ್ತದೆ. ವಕೀಲರ ಲೀಗಲ್ ಒಪಿನಿಯನ್ನಿಗೆ ಕೊಡುವ ಹಣದ ಪಕ್ಕದಲ್ಲಿಟ್ಟರೆ ಇವೆರಡರ ಶುಲ್ಕ ಲೆಕ್ಕಕ್ಕೇ ಬರುವುದಿಲ್ಲ.

ಜನ ಎಡವುವುದು ಹುಡುಕುವಾಗ. ಫ್ಲ್ಯಾಟ್ ನಂಬರು ಹಾಕಿ ಇಸಿ ತೆಗೆದರೆ ಆ ಫ್ಲ್ಯಾಟಿನ ಕ್ರಯಪತ್ರ, ಬ್ಯಾಂಕಿನ ಅಡಮಾನ ಕಾಣುತ್ತವೆ. ಘೋಷಣಾ ಪತ್ರ ಕಾಣದೇ ಹೋಗಬಹುದು. ಕಾರಣ ಸರಳ: ಘೋಷಣಾ ಪತ್ರ ಒಂದು ಫ್ಲ್ಯಾಟಿನ ಮೇಲಲ್ಲ, ಇಡೀ ಜಮೀನು ಮತ್ತು ಕಟ್ಟಡದ ಮೇಲೆ ಬರೆದದ್ದು. ಹಾಗಾಗಿ ಕ್ರಯಪತ್ರದಲ್ಲಿ ಇಡೀ ಜಮೀನಿನ ವಿವರವಿರುವ ಶೆಡ್ಯೂಲ್ 'ಎ' ತೆಗೆದು, ಅಲ್ಲಿರುವ ಸರ್ವೆ ನಂಬರು ಅಥವಾ ಇಡೀ ಆಸ್ತಿಯ ಖಾತಾ ನಂಬರಿನಿಂದ ಇನ್ನೊಂದು ಇಸಿಗೆ ಅರ್ಜಿ ಹಾಕಬೇಕು. ಸರ್ವೆ ನಂಬರು 45/2 ಎಂದಿದ್ದರೆ 45/2ಎ, 45/2ಬಿ ಎಂಬ ಪೋಡಿ (ಜಮೀನು ಒಡೆದಾಗ ಬಂದ) ನಂಬರುಗಳನ್ನೂ ನೋಡಬೇಕು. ಹಳ್ಳಿಯ ಹೆಸರಿನ ಕಾಗುಣಿತವನ್ನೂ ಕ್ರಯಪತ್ರದಲ್ಲಿ ಇರುವ ಹಾಗೆ ಒಮ್ಮೆ, ಪಟ್ಟಿಯಲ್ಲಿ ಇರುವ ಹಾಗೆ ಒಮ್ಮೆ ಪರೀಕ್ಷಿಸಬೇಕು. ಬೆಂಗಳೂರಿನಲ್ಲಿ ನಿಮ್ಮ ಬಡಾವಣೆಯ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲೇ ನೋಂದಣಿ ಆಗಿರಬೇಕು ಎಂದೇನಿಲ್ಲ, ಅದೇ ನೋಂದಣಿ ಜಿಲ್ಲೆಯ ಬೇರೆ ಆಫೀಸಿನಲ್ಲೂ ಆಗಿರಬಹುದು.

ಅವಧಿಯ ವಿಷಯದಲ್ಲೂ ಜಿಪುಣತನ ಬೇಡ. ಕಟ್ಟಡದ ಮೊದಲ ಕ್ರಯಪತ್ರಕ್ಕಿಂತ ಒಂದೆರಡು ವರ್ಷ ಹಿಂದಿನಿಂದ ಹಿಡಿದು ಇವತ್ತಿನವರೆಗೆ ಕೇಳಿ. ಮೂಲ ಘೋಷಣಾ ಪತ್ರ 2012 ರಲ್ಲಿ ಆಗಿದ್ದು, ಎರಡನೇ ಹಂತ ಕಟ್ಟಿದ ಮೇಲೆ 2016 ರಲ್ಲಿ ತಿದ್ದುಪಡಿ ಪತ್ರ ಬಂದಿದ್ದರೆ ನಿಮಗೆ ಎರಡೂ ಬೇಕು. ಎರಡನೆಯದರಲ್ಲಿ ಅವಿಭಜಿತ ಪಾಲಿನ, ಅಂದರೆ ಜಮೀನು ಮತ್ತು ಸಾಮಾನ್ಯ ಪ್ರದೇಶದಲ್ಲಿ ಪ್ರತಿ ಫ್ಲ್ಯಾಟಿಗಿರುವ ಪಾಲಿನ, ಶೇಕಡಾವಾರು ಬದಲಾಗಿರುವ ಸಾಧ್ಯತೆ ಇದೆ. ಆನ್‌ಲೈನಿನಲ್ಲಿ ಸಿಗುವುದು 2004 ರ ಏಪ್ರಿಲ್‌ನಿಂದ ಈಚಿನದು. ಜಯನಗರ, ಮಲ್ಲೇಶ್ವರದ ಹಳೇ ಅಪಾರ್ಟ್‌ಮೆಂಟುಗಳ ಪತ್ರಕ್ಕೆ ಕಚೇರಿಗೇ ಹೋಗಬೇಕು.

ಇಸಿ ಫಾರಂ 15 ರಲ್ಲಿ ಬಂದರೆ ವ್ಯವಹಾರಗಳಿವೆ ಎಂದರ್ಥ, ಫಾರಂ 16 ಎಂದರೆ ಏನೂ ಇಲ್ಲ. 16 ಬಂತೆಂದು ಘೋಷಣಾ ಪತ್ರವೇ ಇಲ್ಲ ಎಂದುಕೊಳ್ಳಬೇಡಿ. ದಸ್ತಾವೇಜಿನ ನಂಬರಿನ ರಚನೆ ಗಮನಿಸಿ: ಮೊದಲ ಮೂರು ಅಕ್ಷರ ಕಚೇರಿಯ ಸಂಕೇತ, ಆಮೇಲೆ ಬರುವ ಒಂಟಿ ಅಂಕಿ ಪುಸ್ತಕದ ಸಂಖ್ಯೆ, ನಂತರ ಕ್ರಮಸಂಖ್ಯೆ, ಕೊನೆಗೆ ವರ್ಷ. ಸ್ಥಿರಾಸ್ತಿಯ ದಸ್ತಾವೇಜು 1ನೇ ಪುಸ್ತಕಕ್ಕೆ ಹೋಗುತ್ತದೆ. ಇತರೆ ದಸ್ತಾವೇಜುಗಳದ್ದು 4ನೇ ಪುಸ್ತಕ. ಇಸಿ ತಯಾರಾಗುವುದು 1ನೇ ಪುಸ್ತಕದ ಸೂಚಿಯಿಂದ. ನೋಂದಣಿ ಕಾಯ್ದೆ, 1908 ರ 57ನೇ ಸೆಕ್ಷನ್ ಪ್ರಕಾರ 1ನೇ ಪುಸ್ತಕವನ್ನು ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. 4ನೇ ಪುಸ್ತಕದ ನಕಲು ಬರೆದುಕೊಟ್ಟವರಿಗೆ, ಅದರಡಿ ಹಕ್ಕು ಹೇಳುವವರಿಗೆ ಮಾತ್ರ. ನಿಮ್ಮ ಕಟ್ಟಡದ ಪತ್ರ 4ನೇ ಪುಸ್ತಕ ಸೇರಿದ್ದರೆ ಕಾವೇರಿಯಲ್ಲಿ ಎಷ್ಟು ಹುಡುಕಿದರೂ ಸಿಗದು. ಕಮಿಟಿಯಿಂದಲೋ ಮಾರುತ್ತಿರುವ ಮಾಲೀಕರಿಂದಲೋ ನಂಬರು ಮತ್ತು ನಕಲು ಕೇಳಿ ಪಡೆಯಬೇಕು.

ಸಿಸಿ ಬಂದ ಮೇಲೆ ಮೊದಲ ಪುಟದಿಂದ ಓದಲು ಕೂತರೆ ನಿದ್ದೆ ಬರುವುದು ಖಂಡಿತ. ದಪ್ಪ ಕಂಡು ಹೆದರಬೇಕಿಲ್ಲ, ಹೆಚ್ಚಿನ ಪುಟಗಳು ನಕ್ಷೆ ಮತ್ತು ಫ್ಲ್ಯಾಟುಗಳ ಪಟ್ಟಿ. ಪಟ್ಟಿಯಲ್ಲಿ ನಿಮ್ಮ ಫ್ಲ್ಯಾಟಿನ ಶೇಕಡಾವಾರು ಪಾಲು ಎಷ್ಟಿದೆ ಎಂದು ಮೊದಲು ನೋಡಿ, ಕ್ರಯಪತ್ರದ ಶೆಡ್ಯೂಲ್ 'ಬಿ'ಯಲ್ಲಿರುವ ಅವಿಭಜಿತ ಪಾಲಿನ ಚದರಡಿಗೆ ತಾಳೆ ಹಾಕಿ. ಸಾಮಾನ್ಯ ಖರ್ಚಿನ ಹಂಚಿಕೆಗೆ ಕಾಯ್ದೆಯಲ್ಲಿ ಆಧಾರ ಈ ಶೇಕಡಾವಾರೇ. ಮೇಂಟೆನೆನ್ಸನ್ನು ಚದರಡಿ ಲೆಕ್ಕದಲ್ಲಿ ಹಾಕಬೇಕೋ ಮನೆಗಿಷ್ಟು ಅಂತ ಹಾಕಬೇಕೋ ಎಂಬ ಮುಗಿಯದ ಜಗಳವನ್ನು ಎಷ್ಟೋ ಕಡೆ ಈ ಕಾಲಂ ಬಿಟ್ಟು ಬೇರೆ ಎಲ್ಲವನ್ನೂ ಇಟ್ಟುಕೊಂಡು ಆಡುತ್ತಾರೆ. ಎಲ್ಲ ಮಾಲೀಕರೂ ಒಪ್ಪದೆ ಆ ಶೇಕಡಾವಾರನ್ನು ಬದಲಿಸಲು ಬರುವುದಿಲ್ಲ.

ಅಲ್ಲಿಂದ ನೇರ 'ಸಾಮಾನ್ಯ ಪ್ರದೇಶಗಳು' ಮತ್ತು 'ಸೀಮಿತ ಸಾಮಾನ್ಯ ಪ್ರದೇಶಗಳು' ಎಂಬ ಎರಡು ಪಟ್ಟಿಗೆ ಹೋಗಿ. ಮೊದಲನೆಯದು ಎಲ್ಲರದು. ಎರಡನೆಯದು ಎಲ್ಲರ ಒಡೆತನದಲ್ಲಿದ್ದರೂ ಕೆಲವೇ ಫ್ಲ್ಯಾಟುಗಳ ಬಳಕೆಗೆ ಮೀಸಲು. ನೆಲಮಹಡಿಯ ಮನೆಗೆ ಅಂಟಿಕೊಂಡ ತೋಟ, ಮೇಲ್ಮಹಡಿಯವರ ಟೆರೇಸು, ಕೆಲವು ಕಾರ್ ಪಾರ್ಕಿಂಗು, ಇವು ಯಾವ ಪಟ್ಟಿಯಲ್ಲಿವೆ ಎಂಬುದೇ ಮುಕ್ಕಾಲು ಪಾಲು ಜಗಳಕ್ಕೆ ಉತ್ತರ. 'ಎಕ್ಸ್‌ಕ್ಲೂಸಿವ್ ಟೆರೇಸ್' ಎಂದು ಹೆಚ್ಚು ದುಡ್ಡು ತೆಗೆದುಕೊಂಡು ಮಾರಿದ ಜಾಗ ಘೋಷಣಾ ಪತ್ರದಲ್ಲಿ ಎಲ್ಲರ ಪಟ್ಟಿಯಲ್ಲಿದ್ದರೆ, ಕೊಂಡವರು ದುಡ್ಡು ಕೊಟ್ಟಿರುವುದು ವ್ಯಾಜ್ಯಕ್ಕೆ.

ಬಾಲ್ಕನಿಯ ವಿಚಾರಕ್ಕೆ ಕಾಯ್ದೆಯ 8ನೇ ಸೆಕ್ಷನ್ನೂ ಸೇರಬೇಕು. ಕಟ್ಟಡದ ಭದ್ರತೆಗೆ ಧಕ್ಕೆ ತರುವ, ಅದರ ಬೆಲೆ ತಗ್ಗಿಸುವ ಕೆಲಸ ಮಾಡುವಂತಿಲ್ಲ. ಉಳಿದ ಎಲ್ಲ ಮಾಲೀಕರ ಒಮ್ಮತವಿಲ್ಲದೆ ಹೊಸ ಕಟ್ಟಡ ಭಾಗ ಸೇರಿಸುವಂತಿಲ್ಲ, ನೆಲಮಾಳಿಗೆ ಅಗೆಯುವಂತಿಲ್ಲ. ಬಿಚ್ಚಿ ತೆಗೆಯಬಹುದಾದ ಗ್ರಿಲ್ಲಿನ ವಿನ್ಯಾಸ, ಬಣ್ಣ ಎಲ್ಲ ಬೈಲಾದ ಮಟ್ಟದಲ್ಲಿ ತೀರುವ ಮಾತು. ಬಾಲ್ಕನಿಯ ಗೋಡೆ ಒಡೆದು ಹಾಲಿಗೆ ಸೇರಿಸಿದರೆ ಅದು ಮಂಜೂರಾದ ನಕ್ಷೆಯ ಉಲ್ಲಂಘನೆಯೂ ಹೌದು, ಕಮಿಟಿ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಕೊಟ್ಟರೂ ಉಲ್ಲಂಘನೆಯೇ. ಇಂಟೀರಿಯರ್ ಕೆಲಸದವರು ಹೆಚ್ಚು ಎಡವಟ್ಟು ಮಾಡುವುದು ಮೂರು ಕಡೆ: ಎಸಿ ಪೈಪಿಗೆಂದು ಬೀಮು ಕೊರೆಯುವುದು, ಬಾತ್‌ರೂಮಿನ ಟೈಲ್ಸ್ ಬದಲಿಸುವಾಗ ವಾಟರ್‌ಪ್ರೂಫಿಂಗ್ ಪದರ ಹಾಳು ಮಾಡುವುದು, ಅಡುಗೆಮನೆಯ ಸಿಂಕನ್ನು ಕೆಳಗಿನವರ ಮಲಗುವ ಕೋಣೆಯ ನೆತ್ತಿಗೆ ಒಯ್ಯುವುದು. ಕೊನೆಯ ಎರಡರ ಫಲ ಮುಂದಿನ ಮಳೆಗಾಲದವರೆಗೂ ಕಾಯುವುದಿಲ್ಲ. ಕೆಲಸ ಶುರು ಮಾಡುವ ಮುಂಚೆ ಬೀಮು, ಕಾಲಮ್ಮು, ಡಕ್ಟ್ ಗುರುತಿಸಿದ ನಕ್ಷೆಯ ಮೇಲೆ ಎಲ್ಲಿ ಏನು ಕೊರೆಯುತ್ತೀರಿ ಎಂದು ಬರೆದು ಕಮಿಟಿಯ ಸಹಿ ಪಡೆಯಿರಿ.

ಘೋಷಣಾ ಪತ್ರವೇ ಇಲ್ಲದಿದ್ದರೆ? ಬೆಂಗಳೂರಿನಲ್ಲಿ ಅಂಥವೂ ಬಹಳ. ಹಲವು ಸಂಘಗಳು 1960 ರ ಸೊಸೈಟಿ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿವೆ; ಅದು ಮೂಲತಃ ಸಾಂಸ್ಕೃತಿಕ, ಶೈಕ್ಷಣಿಕ, ಧರ್ಮಾರ್ಥ ಸಂಸ್ಥೆಗಳಿಗೆಂದು ಇರುವ ಕಾಯ್ದೆ. ಆಸ್ತಿಯ ಮೇಲೆ ಬಾಕಿಯ ಹೊರೆ ಕೂರಿಸುವ ಬಲ 1972 ರ ಕಾಯ್ದೆಯಿಂದ ಬರುತ್ತದೆಯೇ ಹೊರತು ಅದರಿಂದ ಬರುವುದಿಲ್ಲ. ಅಂಥ ಕಡೆ ನಿಮ್ಮನ್ನು ಕಟ್ಟಿಹಾಕುವುದು ಮುಖ್ಯವಾಗಿ ನಿಮ್ಮ ಕ್ರಯಪತ್ರದ ಷರತ್ತುಗಳು. ಬೆಂಗಳೂರಿನ ಬಹಳಷ್ಟು ಕ್ರಯಪತ್ರಗಳಲ್ಲಿ ಶೆಡ್ಯೂಲ್ 'ಎ' ಇಡೀ ಜಮೀನು, 'ಬಿ' ನಿಮ್ಮ ಅವಿಭಜಿತ ಪಾಲು, 'ಸಿ' ಫ್ಲ್ಯಾಟು, 'ಡಿ' ಹಕ್ಕುಗಳು, 'ಇ' ಕಟ್ಟುಪಾಡುಗಳು. ಎಲ್ಲರೂ 'ಸಿ'ಗೆ ನಿಲ್ಲುತ್ತಾರೆ. ಓದಬೇಕಾದದ್ದು 'ಡಿ' ಮತ್ತು 'ಇ'.

ಕಾವೇರಿಗೆ ಐದಕ್ಕೆ ನಾಲ್ಕು. ಒಂದು ಅಂಕ ಕಳೆದದ್ದು ಹುಡುಕಾಟದ ಪಾಡಿಗೆ: ಆಸ್ತಿಯ ನಂಬರು ಒಂದು ಗೆರೆ ಆಚೀಚೆ ಆದರೂ ಇರುವ ದಸ್ತಾವೇಜು ಕಾಣುವುದಿಲ್ಲ, ಕಾಣಲಿಲ್ಲವೇಕೆ ಎಂದು ಪರದೆಯೂ ಹೇಳುವುದಿಲ್ಲ.

ರೇರಾ ಪೋರ್ಟಲ್: ಕೊಳ್ಳುವ ಮುಂಚೆ ಚಿನ್ನ, ಕೊಂಡ ಮೇಲೆ ಅರ್ಧ ಚಿನ್ನ

ರೇರಾದ ಜಾಲತಾಣದಲ್ಲಿ ಲಾಗಿನ್ ಬೇಡ, ದುಡ್ಡೂ ಬೇಡ. ಪ್ರಾಜೆಕ್ಟಿನ ಹೆಸರು, ಬಿಲ್ಡರಿನ ಹೆಸರು ಅಥವಾ ನೋಂದಣಿ ಸಂಖ್ಯೆ ಹಾಕಿದರೆ ಮಂಜೂರಾದ ನಕ್ಷೆ, ಮಾರಾಟದ ಕರಾರಿನ ಕರಡು, ಫ್ಲ್ಯಾಟುಗಳ ಕಾರ್ಪೆಟ್ ಏರಿಯಾ, ಪಾರ್ಕಿಂಗ್ ಲೆಕ್ಕ, ಇಲಾಖೆಗಳ ಎನ್‌ಒಸಿ ಎಲ್ಲ ಒಂದೇ ಕಡೆ ತೆರೆದುಕೊಳ್ಳುತ್ತವೆ. ಪ್ರಾಜೆಕ್ಟಿನ ಹೆಸರಿಗಿಂತ ನೋಂದಣಿ ಸಂಖ್ಯೆಯಿಂದ ಹುಡುಕುವುದು ವಾಸಿ. ಜಾಹೀರಾತಿನ ಹೆಸರು ಒಂದು, ನೋಂದಣಿಯ ಹೆಸರು ಇನ್ನೊಂದು ಇರುತ್ತದೆ. ಒಂದೇ ಪ್ರಾಜೆಕ್ಟಿನ ಹಂತ 1, ಹಂತ 2 ಬೇರೆ ಬೇರೆ ನಂಬರಿನಡಿ ಇರುತ್ತವೆ.

ಎಲ್ಲ ಕಟ್ಟಡಗಳೂ ಇಲ್ಲಿ ಸಿಗುವುದಿಲ್ಲ ಎಂಬುದು ನೆನಪಿರಲಿ. 2017 ರ ಮೇ 1 ಕ್ಕೆ ಮೊದಲೇ ಕಟ್ಟಡದ ಕೆಲಸ ಪೂರ್ಣಗೊಂಡ ಬಗ್ಗೆ ಪ್ರಮಾಣಪತ್ರ ಪಡೆದವು ನೋಂದಣಿಗೆ ಬರುವುದಿಲ್ಲ. 500 ಚದರ ಮೀಟರ್ ಮೀರದ ಜಾಗದವು, 8 ಫ್ಲ್ಯಾಟು ಮೀರದವು ಕೂಡ ಹೊರಗೆ. ಮೂವತ್ತು ನಲವತ್ತರ ಸೈಟಿನಲ್ಲಿ ಎದ್ದ ನಾಲ್ಕಂತಸ್ತಿನ ಫ್ಲ್ಯಾಟು ಕೊಳ್ಳುವವರು ಇಲ್ಲಿ ಸಮಯ ಕಳೆಯುವುದಕ್ಕಿಂತ ಕಾವೇರಿಗೆ ಹೋಗುವುದು ಒಳ್ಳೆಯದು.

ಕರಡು ಕರಾರನ್ನು ಡೌನ್‌ಲೋಡ್ ಮಾಡಿದ ಮೇಲೆ ನಾಲ್ಕು ವಿಷಯ ಹುಡುಕಿ. ಮೇಲಿನ ಟೆರೇಸಿನ ಹಕ್ಕನ್ನು ಅಥವಾ ಮುಂದೆ ಸಿಗಬಹುದಾದ ಹೆಚ್ಚುವರಿ ಎಫ್‌ಎಆರ್ (ಆ ಜಾಗದಲ್ಲಿ ಎಷ್ಟು ಕಟ್ಟಬಹುದೆಂಬ ಮಿತಿ) ಅನ್ನು ಬಿಲ್ಡರು ತನ್ನಲ್ಲೇ ಇಟ್ಟುಕೊಂಡಿದ್ದಾರೆಯೇ? ಕ್ಲಬ್‌ಹೌಸು ಸಂಘದ ಒಡೆತನಕ್ಕೆ ಬರುತ್ತದೆಯೇ, ಇಲ್ಲವೇ ಬಳಕೆಯ ಹಕ್ಕು ಮಾತ್ರವೇ? ಮುಂದಿನ ಹಂತ ಸೇರಿದಾಗ ನಿಮ್ಮ ಅವಿಭಜಿತ ಪಾಲನ್ನು ಕುಗ್ಗಿಸಲು ಈಗಲೇ ಸಮ್ಮತಿ ಬರೆಸಿಕೊಳ್ಳುತ್ತಿದ್ದಾರೆಯೇ? ಘೋಷಣಾ ಪತ್ರ ಬರೆಯಲು ನಿಮ್ಮ ಪರವಾಗಿ ಅಧಿಕಾರ ಪತ್ರ ತೆಗೆದುಕೊಳ್ಳುತ್ತಿದ್ದಾರೆಯೇ? ನಾಲ್ಕನೆಯದು ನೋಡಲು ಸಾಧು. ಆದರೆ ಮೊದಲ ಮೂರನ್ನು ನೀವು ಮುಂದೆ ಪ್ರಶ್ನಿಸದಂತೆ ಬಾಗಿಲು ಹಾಕುವುದು ಅದೇ. ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಮಂಜೂರಾದ ನಕ್ಷೆ ಮತ್ತು ಸಾಮಾನ್ಯ ಪ್ರದೇಶ ಬದಲಿಸಲು ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಸಮ್ಮತಿ ಬೇಕು. ಮೊದಲೇ ಬರೆಸಿಕೊಂಡ ಒಂದು ಸಾಲು ಆ ಸಮ್ಮತಿ ಆಗುತ್ತದೆಯೇ ಎಂಬ ವಾದ ಆಮೇಲೆ ನಿಮ್ಮ ಖರ್ಚಿನಲ್ಲೇ ನಡೆಯುತ್ತದೆ.

ಪಾರ್ಕಿಂಗಿಗೆ ಈ ಪೋರ್ಟಲ್ ಬಹಳ ಉಪಯೋಗ. ರೇರಾ ಕಾಯ್ದೆಯಲ್ಲಿ ಬಯಲು ಪಾರ್ಕಿಂಗು ಸಾಮಾನ್ಯ ಪ್ರದೇಶದ ವ್ಯಾಖ್ಯೆಯೊಳಗೇ ಇದೆ, ಅಂದರೆ ಅದನ್ನು ಬಿಲ್ಡರು ಮಾರುವಂತಿಲ್ಲ. ಬಯಲು ಮತ್ತು ಸ್ಟಿಲ್ಟ್ (ಕಂಬಗಳ ಮೇಲೆ ನಿಂತ ಕಟ್ಟಡದ ಕೆಳಗಿನ) ಪಾರ್ಕಿಂಗನ್ನು ಫ್ಲ್ಯಾಟಿನಂತೆ ಪ್ರತ್ಯೇಕವಾಗಿ ಮಾರಲು ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2010 ರಲ್ಲೇ ಹೇಳಿತ್ತು. ಆ ಪ್ರಕರಣ ಮಹಾರಾಷ್ಟ್ರದ ಕಾಯ್ದೆಯದು, ಆದರೂ ಇಲ್ಲಿನ ವಾದಗಳಲ್ಲಿ ಅದರ ಹೆಸರು ಬರದ ದಿನವಿಲ್ಲ. ಮಂಜೂರಾದ ನಕ್ಷೆಯ ಬೇಸ್‌ಮೆಂಟ್ ಹಾಳೆ ತೆರೆದು ಗುರುತಿಸಿದ ಕಾರುಗಳನ್ನು ಎಣಿಸಿ. ನಕ್ಷೆಯಲ್ಲಿ 140, ಹಂಚಿಕೆಯಲ್ಲಿ 165 ಆದರೆ ಹೆಚ್ಚಾದ 25 ಎಲ್ಲಿಂದ ಬಂದವು? ಸಾಮಾನ್ಯವಾಗಿ ಡ್ರೈವ್‌ವೇ ಕಿರಿದಾಗಿರುತ್ತದೆ, ಬೆಂಕಿ ಆರಿಸುವ ಗಾಡಿ ತಿರುಗಬೇಕಾದ ಜಾಗ ತುಂಬಿರುತ್ತದೆ, ಅಥವಾ ಒಂದರ ಹಿಂದೊಂದು ನಿಲ್ಲುವ ಪಾರ್ಕಿಂಗನ್ನು ಎರಡು ಮನೆಗೆ ಹಂಚಿರುತ್ತಾರೆ. ಈ ಕೊನೆಯದು ನಿಮ್ಮ ಪಾಲಿಗೆ ಬಂದರೆ ಪಕ್ಕದ ಮನೆಯವರ ಆಫೀಸಿನ ವೇಳಾಪಟ್ಟಿಯೂ ನಿಮಗೆ ಬಾಯಿಪಾಠವಾಗುತ್ತದೆ.

ಹಸ್ತಾಂತರದ ಗಡುವುಗಳೂ ಇದೇ ಕಾಯ್ದೆಯಲ್ಲಿವೆ. ಹೆಚ್ಚಿನ ಫ್ಲ್ಯಾಟುಗಳು ಬುಕ್ ಆದ ಮೂರು ತಿಂಗಳೊಳಗೆ ಸಂಘ ರಚನೆಗೆ ಬಿಲ್ಡರು ಅನುವು ಮಾಡಿಕೊಡಬೇಕು. ಓಸಿ, ಅಂದರೆ ಸ್ವಾಧೀನಾನುಭವ ಪತ್ರ, ಬಂದ ಮೂರು ತಿಂಗಳೊಳಗೆ ಸಾಮಾನ್ಯ ಪ್ರದೇಶವನ್ನು ಸಂಘಕ್ಕೆ ವರ್ಗಾಯಿಸಬೇಕು. ಕಟ್ಟಡದ ರಚನೆ ಅಥವಾ ಕೆಲಸದ ದೋಷ ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ತಿಳಿಸಿದರೆ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ಹೊಸ ಕಟ್ಟಡದಲ್ಲಿ ಬೇಸ್‌ಮೆಂಟ್ ಸೋರಿಕೆಗೆ ಮೇಂಟೆನೆನ್ಸ್ ಹಣದಿಂದ ದುರಸ್ತಿ ಮಾಡಿಸಲು ಕಮಿಟಿ ಹೊರಟರೆ ಆ ಐದು ವರ್ಷ ಮುಗಿದಿದೆಯೇ ಎಂದು ಮೊದಲು ಕೇಳಿ.

ಪೋರ್ಟಲಿನ ಕೊರತೆ ಒಂದೇ, ಆದರೆ ನಮ್ಮ ವಿಷಯಕ್ಕೆ ಅದು ದೊಡ್ಡದು. ಇಲ್ಲಿರುವುದು ಬಿಲ್ಡರು ನೋಂದಣಿಯ ಹೊತ್ತಿಗೆ ಏರಿಸಿದ ಕರಡು. ನಿಮ್ಮ ಕೈಗೆ ಬಂದ ಕ್ರಯಪತ್ರ ಅದೇ ಆಗಿರುತ್ತದೆ ಎಂಬ ಖಾತ್ರಿ ಇಲ್ಲ, ಸಂಘ ಆಮೇಲೆ ಮಾಡಿಕೊಂಡ ಬೈಲಾ ಇಲ್ಲಿ ಬರುವುದೂ ಇಲ್ಲ. ಕರಡನ್ನೂ ಕ್ರಯಪತ್ರವನ್ನೂ ಅಕ್ಕಪಕ್ಕ ಇಟ್ಟು 'ಡಿ', 'ಇ' ಶೆಡ್ಯೂಲುಗಳ ಸಾಲು ಸಾಲು ಹೋಲಿಸಿದರೆ ಅರ್ಧ ದಿನ ಬೇಕು. ಆ ಅರ್ಧ ದಿನ ಸಹಿ ಹಾಕುವ ಮುಂಚಿನದಾಗಿರಲಿ. ಐದಕ್ಕೆ ಮೂರೂವರೆ.

ಸೊಸೈಟಿ ಆ್ಯಪ್‌ಗಳು: ಗೇಟಿಗೆ ಸರಿ, ಕಾನೂನಿಗೆ ಸಾಲದು

ಡೆಲಿವರಿ ಹುಡುಗನನ್ನು ಒಳಗೆ ಬಿಡುವುದು, ಕೆಲಸದವರ ಹಾಜರಿ, ಮೇಂಟೆನೆನ್ಸ್ ಪಾವತಿ, ಹಾಲ್ ಬುಕಿಂಗ್, ದೂರು: ಈ ಕೆಲಸಗಳಿಗೆ ಮೈಗೇಟ್, ಅಡ್ಡಾ, ನೋಬ್ರೋಕರ್‌ಹುಡ್ ಮೂರರಲ್ಲಿ ಯಾವುದಾದರೂ ಸಾಕು. ಲೆಕ್ಕಪತ್ರ ಗಟ್ಟಿಯಾಗಿರಬೇಕು ಎನ್ನುವ ಸಂಘ ಒಂದನ್ನು ಆರಿಸುತ್ತದೆ, ಗೇಟು ಮುಖ್ಯ ಎನ್ನುವುದು ಇನ್ನೊಂದನ್ನು. ಇಲ್ಲಿ ನೋಡಬೇಕಾದ್ದು ನಿಯಮದ ಮಾತು.

ನೋಟಿಸ್ ಬೋರ್ಡ್, ದಾಖಲೆಗಳ ಕಪಾಟು, ಪೋಲ್ ಇವೆಲ್ಲ ಆ್ಯಪಿನಲ್ಲಿ ಒಂದೇ ಬಣ್ಣದಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ ಬರುತ್ತವೆ. ನೋಂದಣಿಯಾದ ಬೈಲಾ, ನಿನ್ನೆ ರಾತ್ರಿ ಸೆಕ್ರೆಟರಿ ಟೈಪ್ ಮಾಡಿದ ಸುತ್ತೋಲೆ, ಎರಡೂ ಪಿಡಿಎಫ್. ಕಪಾಟಿನಲ್ಲಿರುವ ಬೈಲಾದ ಮೇಲೆ ಸಬ್‌ರಿಜಿಸ್ಟ್ರಾರರ ಮೊಹರು ಮತ್ತು ದಸ್ತಾವೇಜು ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಅದು ಕರಡೂ ಇರಬಹುದು, ಹಳೆಯದೂ ಇರಬಹುದು. ಪೋಲಿನಲ್ಲಿ ಶೇ. 80 ಮಂದಿ 'ಹೌದು' ಒತ್ತಿದರೆ ಅದು ಠರಾವಲ್ಲ. ಠರಾವಿಗೆ ಬೈಲಾ ಹೇಳಿದಷ್ಟು ದಿನ ಮುಂಚೆ ನೋಟಿಸು, ವಿಷಯಸೂಚಿಯಲ್ಲಿ ಆ ವಿಷಯ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ), ಮತದ ಎಣಿಕೆ ಎಲ್ಲ ಬೇಕು. 1972 ರ ಕಾಯ್ದೆಯಲ್ಲಿ ಬಹುಮತ ಎಂದರೆ ತಲೆಗಳ ಎಣಿಕೆಯಲ್ಲ, ಶೇಕಡಾವಾರು ಪಾಲಿನ ಎಣಿಕೆ. ಪೋಲ್ ಗುಂಡಿಗೆ ಇದು ಗೊತ್ತಿಲ್ಲ: ಬಾಡಿಗೆದಾರರ ಖಾತೆಯಿಂದ, ಗಂಡ ಹೆಂಡತಿ ಇಬ್ಬರ ಖಾತೆಯಿಂದ ಒತ್ತಿದ್ದೂ ಅಲ್ಲಿ ಸೇರಿಹೋಗಬಹುದು.

ಇದಕ್ಕಿಂತ ಸೂಕ್ಷ್ಮವಾದದ್ದು ಸೆಟ್ಟಿಂಗ್ಸ್. 'ರಾತ್ರಿ ಹತ್ತರ ಮೇಲೆ ಅತಿಥಿಗಳಿಗೆ ಹೆಚ್ಚುವರಿ ಅನುಮತಿ', 'ಬಾಕಿದಾರರಿಗೆ ಹಾಲ್ ಬುಕಿಂಗ್ ಇಲ್ಲ', 'ಬಾಡಿಗೆದಾರರಿಗೆ ಈಜುಕೊಳ ಇಲ್ಲ': ಕಮಿಟಿಯ ಒಬ್ಬರು ಅಡ್ಮಿನ್ ಪುಟದಲ್ಲಿ ಒಂದು ಟಿಕ್ ಹಾಕಿದರೆ ಮರುದಿನದಿಂದ ಅದೇ ನಿಯಮ, ಗೇಟಿನಲ್ಲಿ ಜಾರಿಯೂ ಆಗಿಬಿಡುತ್ತದೆ. ಯಾವ ಸಭೆ, ಯಾವ ದಿನಾಂಕ, ಯಾವ ಠರಾವು ಎಂದು ಸೆಟ್ಟಿಂಗಿನ ಪಕ್ಕದಲ್ಲಿ ಬರೆಯುವಂತೆ ಆ್ಯಪ್ ಒತ್ತಾಯಿಸಿದರೆ ಅರ್ಧ ತಕರಾರು ಅಲ್ಲೇ ಸಾಯುತ್ತಿತ್ತು. ಅಲ್ಲಿಯವರೆಗೆ ಕೇಳುವ ಕೆಲಸ ನಿಮ್ಮದು. ಕಮಿಟಿಗೆ ಇಮೇಲಿನಲ್ಲಿ ಎರಡೇ ಸಾಲು ಸಾಕು: 'ಈ ನಿರ್ಬಂಧ ಘೋಷಣಾ ಪತ್ರ ಅಥವಾ ಬೈಲಾದ ಯಾವ ಕಲಮಿನಡಿ ಬಂದಿದೆ? ಠರಾವಾಗಿದ್ದರೆ ಸಭೆಯ ದಿನಾಂಕ ಮತ್ತು ಮಿನಿಟ್ಸ್ ಕಳಿಸಿ.' ಕೇಳುವ ಧ್ವನಿ ಮೆತ್ತಗಿರಲಿ. ಕಮಿಟಿಯವರೂ ಸಂಬಳವಿಲ್ಲದೆ ನೀರಿನ ಟ್ಯಾಂಕರಿನವರ ಜೊತೆ ರಾತ್ರಿ ಹನ್ನೊಂದಕ್ಕೆ ಮಾತಾಡುವ ನೆರೆಯವರೇ.

ನಾಯಿ ಬೆಕ್ಕಿನ ನಿಯಮ ಈ ಬಗೆಯ ಸುತ್ತೋಲೆಗಳಲ್ಲೇ ಹೆಚ್ಚು ಬರುತ್ತದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015 ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಸಂಘಗಳು ಬಹುಮತದಿಂದಲೂ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ. ಪಟ್ಟಿ ಹಿಡಿದು ನಡೆಸಿ, ಗಲೀಜು ಬಳಿಯಿರಿ ಎಂದು ಕೇಳಬಹುದು. ಕೇಳಿಸಿಕೊಳ್ಳುವುದು ಮಾಲೀಕರಿಗೂ ಮರ್ಯಾದೆ. ಬಾಡಿಗೆಯ ವಿಷಯ ಇಷ್ಟು ನೇರವಲ್ಲ. ಕಾಯ್ದೆ ಬಾಡಿಗೆದಾರರನ್ನೂ ಬೈಲಾಗೆ ಕಟ್ಟಿಹಾಕುತ್ತದೆ, ಅದರ ಜೊತೆಗೆ ಫ್ಲ್ಯಾಟಿನ ಸಂಪೂರ್ಣ ಒಡೆತನ ಮಾಲೀಕರದ್ದೆಂದೂ ಹೇಳುತ್ತದೆ. ಬಾಡಿಗೆ ಕರಾರಿನ ಪ್ರತಿ, ಪೊಲೀಸ್ ಪರಿಶೀಲನೆ, ಸಾಮಾನು ಸಾಗಿಸುವ ಸಮಯ, ಇವುಗಳಿಗೆ ಬೈಲಾದಲ್ಲಿ ಜಾಗವಿದೆ. ಘೋಷಣಾ ಪತ್ರದಲ್ಲಿ ಒಂದು ಮಾತೂ ಇಲ್ಲದೆ 'ಬ್ಯಾಚುಲರ್‌ಗಳಿಗೆ ಕೊಡಬೇಡಿ' ಎನ್ನುವ ಸುತ್ತೋಲೆ ಕೆಳಗಿನ ಮೆಟ್ಟಿಲಿನದು. ಪಿಜಿ ನಡೆಸುವುದು ಬೇರೆ ಪ್ರಶ್ನೆ, ಅಲ್ಲಿ ಮನೆಯ ಬಳಕೆಯೇ ಬದಲಾಗುತ್ತದೆ. ಘೋಷಣಾ ಪತ್ರದ 'ಬಳಕೆಯ ನಿರ್ಬಂಧ' ಎಂಬ ಭಾಗ ನೋಡಿ.

ಕೆಲವು ನಿಯಮಗಳು ಸಂಘದ್ದೂ ಅಲ್ಲ, ಹೊರಗಿನಿಂದ ಬಂದವು. 2024 ರ ಮಾರ್ಚಿನ ನೀರಿನ ಬರದಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಬೆಂಗಳೂರು ಜಲಮಂಡಳಿ ಆದೇಶಿಸಿತು. ಅಂಥದ್ದಕ್ಕೆ ಠರಾವು ತೋರಿಸಿ ಎಂದು ಕಮಿಟಿಯನ್ನು ಹಿಡಿದುಕೊಳ್ಳುವುದು ವ್ಯರ್ಥ. ಆದೇಶದ ಪ್ರತಿ ಲಗತ್ತಿಸಿ ನೋಟಿಸು ಹಾಕುವುದು ಕಮಿಟಿಗೂ ಸುಲಭ.

ಆ್ಯಪ್‌ಗಳಿಗೆ, ನಿಯಮ ಓದುವ ಮಟ್ಟಿಗೆ, ಐದಕ್ಕೆ ಎರಡು.

ಬೈಲಾ ಪ್ಯಾಕೇಜು

ಘೋಷಣಾ ಪತ್ರ, ಬೈಲಾ, ನೋಂದಣಿ, ಪ್ಯಾನ್, ಬ್ಯಾಂಕ್ ಖಾತೆ ಎಲ್ಲ ಸೇರಿಸಿ ಮಾಡಿಕೊಡುವ ಕನ್ಸಲ್ಟೆಂಟುಗಳು ಊರೆಲ್ಲ ಇದ್ದಾರೆ. ಕೆಲಸ ಬಲ್ಲವರೂ ಇದ್ದಾರೆ, ಹಳೇ ಫೈಲಿನಲ್ಲಿ ಹೆಸರು ಬದಲಿಸುವವರೂ ಇದ್ದಾರೆ. ಕರಡು ಕೈಗೆ ಬಂದಾಗ ಬೇರೆ ಅಪಾರ್ಟ್‌ಮೆಂಟಿನ ಹೆಸರು ಎಲ್ಲಾದರೂ ಉಳಿದಿದೆಯೇ ಹುಡುಕಿ. 'ಶೇರ್ ಸರ್ಟಿಫಿಕೇಟ್', 'ನಾನ್ ಆಕ್ಯುಪೆನ್ಸಿ ಚಾರ್ಜ್' ಎಂಬ ಮಾತು ಕಂಡರೆ ಅದು ಮುಂಬೈ ಕಡೆಯ ಸಹಕಾರಿ ಹೌಸಿಂಗ್ ಸೊಸೈಟಿಯ ಬೈಲಾದಿಂದ ಬಂದದ್ದು. ಫ್ಲ್ಯಾಟುಗಳ ಶೇಕಡಾವಾರುಗಳನ್ನೆಲ್ಲ ಕೂಡಿಸಿ ನೋಡಿ, ಸರಿಯಾಗಿ 100 ಬರಬೇಕು, 99.97 ಬಂದರೆ ಆ 0.03 ಮುಂದೆ ಮತದ ಲೆಕ್ಕದಲ್ಲಿ, ಮಾರಾಟದ ಹೊತ್ತಿನಲ್ಲಿ ಎದ್ದು ಬರುತ್ತದೆ. ಒಪ್ಪಂದದಲ್ಲಿ ಪ್ರತಿ ಮಾಲೀಕರ ಫಾರಂ 'ಬಿ' ಸಂಗ್ರಹವೂ ಸೇರಿದೆಯೇ ಎಂದು ಮೊದಲೇ ಕೇಳಿ. ಘೋಷಣಾ ಪತ್ರವನ್ನು ಬಿಲ್ಡರು ಬರೆದುಕೊಟ್ಟರೂ ಫಾರಂ 'ಬಿ' ಮೂಲಕ ತನ್ನ ಫ್ಲ್ಯಾಟನ್ನು ಕಾಯ್ದೆಗೆ ಒಳಪಡಿಸಬೇಕಾದವರು ಆಯಾ ಮಾಲೀಕರು. ವಿದೇಶದಲ್ಲಿರುವವರ ಸಹಿ ಪಡೆಯುವುದೇ ದೊಡ್ಡ ಕೆಲಸ, ಪ್ಯಾಕೇಜು ಸಾಮಾನ್ಯವಾಗಿ ಅದರ ಹಿಂದಿನ ದಿನ ಮುಗಿದಿರುತ್ತದೆ.

ಹಳೇ ಫ್ಲ್ಯಾಟ್ ಕೊಳ್ಳುವವರಿಗೆ ಇನ್ನೊಂದು ಕಾಗದ

ಈ ನಾಲ್ಕರಲ್ಲಿ ಯಾವುದೂ ಕೊಡದ, ಸಂಘ ಮಾತ್ರ ಕೊಡಬಹುದಾದ ಕಾಗದ ಬಾಕಿಯ ಹೇಳಿಕೆ. 1972 ರ ಕಾಯ್ದೆಯಲ್ಲಿ ಸಾಮಾನ್ಯ ಖರ್ಚಿನ ಬಾಕಿ ಫ್ಲ್ಯಾಟಿನ ಮೇಲೇ ಹೊರೆಯಾಗಿ ಕೂರುತ್ತದೆ; ಅದಕ್ಕಿಂತ ಮುಂದೆ ನಿಲ್ಲುವುದು ತೆರಿಗೆ ಮತ್ತು ಮೊದಲ ಅಡಮಾನದ ಸಾಲ. ಕೊಂಡವರು ಮಾರಿದವರ ಜೊತೆ ಸೇರಿ ಆ ಬಾಕಿಗೆ ಹೊಣೆ. ಆದರೆ ಕೊಳ್ಳುವ ಮುಂಚೆ ಸಂಘದಿಂದ ಲಿಖಿತ ಹೇಳಿಕೆ ಪಡೆದಿದ್ದರೆ ಅದರಲ್ಲಿ ಬರೆದ ಮೊತ್ತಕ್ಕಿಂತ ಹೆಚ್ಚು ನಿಮ್ಮಿಂದ ಕೇಳಲು ಬರುವುದಿಲ್ಲ. ಹಾಗಾಗಿ ಆ್ಯಪಿನ 'ಡ್ಯೂಸ್: 0' ಎಂಬ ಸ್ಕ್ರೀನ್‌ಶಾಟು ಸಾಲದು. ಲೆಟರ್‌ಹೆಡ್ಡಿನಲ್ಲಿ, ಖಜಾಂಚಿ ಅಥವಾ ಸೆಕ್ರೆಟರಿಯ ಸಹಿಯೊಂದಿಗೆ, 'ಇಂಥ ದಿನಾಂಕದವರೆಗೆ' ಎಂದು ಬರೆಸಿಕೊಳ್ಳಿ. ಮೇಂಟೆನೆನ್ಸ್, ಸಿಂಕಿಂಗ್ ಫಂಡ್ (ದೊಡ್ಡ ದುರಸ್ತಿಗೆಂದು ಕೂಡಿಡುವ ನಿಧಿ), ಠರಾವಾಗಿ ಇನ್ನೂ ವಸೂಲಾಗದ ವಿಶೇಷ ವಂತಿಗೆ, ಬಡ್ಡಿ, ದಂಡ ಎಲ್ಲ ಬೇರೆ ಬೇರೆ ಸಾಲಿನಲ್ಲಿರಲಿ. ಲಿಫ್ಟ್ ಬದಲಾವಣೆಗೋ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ದುರಸ್ತಿಗೋ ಮನೆಗಿಷ್ಟು ಎಂದು ಕಳೆದ ಎಜಿಎಂನಲ್ಲಿ ತೀರ್ಮಾನವಾಗಿ, ಡಿಮ್ಯಾಂಡು ನೋಂದಣಿಯ ಮರುವಾರ ಬರುವುದು ಉಂಟು. ಅದಕ್ಕೇ ಕಳೆದ ಎರಡು ಎಜಿಎಂಗಳ ಮಿನಿಟ್ಸನ್ನೂ ಇದರ ಜೊತೆಗೇ ಕೇಳಬೇಕು. ಹೇಳಿಕೆಯ ದಿನಾಂಕ ನೋಂದಣಿಗೆ ಆದಷ್ಟು ಹತ್ತಿರ ಇರಲಿ, ಮಧ್ಯೆ ಒಂದು ತ್ರೈಮಾಸಿಕ ಬಿಲ್ಲು ಬೀಳುವುದಿದ್ದರೆ ಅದನ್ನು ಯಾರು ಕಟ್ಟುವುದೆಂದು ಕ್ರಯಪತ್ರದಲ್ಲೇ ಒಂದು ಸಾಲು ಹಾಕಿಸಿ.